ಮುಪ್ಪಿನ ಕಟಲ್‌ಫಿಶ್‌ಗೆ ಬೇಟೆ ಹಿಡಿಯಲು ಆಗುತ್ತಿಲ್ಲ: ಮನೆಯ ತೊಟ್ಟಿಯಲ್ಲಿ ಆರೈಕೆ ಹೇಗೆ?

ಪ್ರಶ್ನೆ: ಸುಮನಾ, ಹ್ಯೂಸ್ಟನ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಎರಡು ಹೆಣ್ಣು ಮತ್ತು ಒಂದು ಗಂಡು ಕಟಲ್‌ಫಿಶ್‌ಗಳಿವೆ (ಹೆಸರಿನಲ್ಲಿ ಫಿಶ್ ಇದ್ದರೂ ಇವು ಮೀನುಗಳಲ್ಲ, ಆಕ್ಟೋಪಸ್‌ನ ಬಳಗದವು). ಜಾತಿ ಸೆಪಿಯಾ ಬ್ಯಾಂಡೆನ್ಸಿಸ್. ಮಂಗಳೂರು, ಮಲ್ಪೆ ಬಂದರುಗಳಲ್ಲಿ ಕಪ್ಪೆ ಬೊಂಡಾಸ್ ಎಂದು ಮಾರಾಟವಾಗುವ ದೊಡ್ಡ ಪ್ರಾಣಿಯ ದಾಯಾದಿ ಇದು. ಆದರೆ ಪೂರ್ತಿ ಬೆಳೆದಾಗಲೂ ಅಂಗೈಯಲ್ಲಿ ಹಿಡಿಸುವಷ್ಟೇ ಇರುತ್ತದೆ. ಮೂರನ್ನೂ ತಳಿ ಬೆಳೆಸುವವರೊಬ್ಬರಿಂದ ಮರಿಗಳಾಗಿದ್ದಾಗಲೇ ತಂದೆವು. ಹೆಣ್ಣುಗಳೆರಡೂ ಒಂದೇ ಸೂಲಿನವು, ಗಂಡು ಅವಕ್ಕಿಂತ ಸುಮಾರು ಎರಡು ತಿಂಗಳು ಚಿಕ್ಕದು.

ಹೆಣ್ಣುಗಳಿಗೆ ಈಗ ಹತ್ತು ತಿಂಗಳು ತುಂಬಿದೆ. ಅವುಗಳಲ್ಲಿ ದೊಡ್ಡದು ಕೆಲವು ವಾರಗಳಿಂದ ಕಪ್ಪು ದ್ರಾಕ್ಷಿಯ ಗೊಂಚಲಿನಂತಹ ಮೊಟ್ಟೆಗಳನ್ನು ಇಡುತ್ತಾ ಬಂದಿದೆ. ಈಚೆಗೆ ಅದರ ಬೇಟೆಯ ರೀತಿ ಬದಲಾಗಿದೆ. ಸೀಗಡಿಯನ್ನು ನೀರಿಗೆ ಬಿಟ್ಟರೆ ಮೊದಲಿನಂತೆಯೇ ತಿರುಗಿ ನೋಡುತ್ತದೆ, ಮೇಲಿನ ಎರಡು ತೋಳುಗಳನ್ನು ಎತ್ತಿ ನಿಧಾನವಾಗಿ ಹತ್ತಿರ ಬರುತ್ತದೆ, ಉದ್ದನೆಯ ಬೇಟೆತೋಳುಗಳನ್ನು ಚಿಮ್ಮಿಸಿಯೂ ಚಿಮ್ಮಿಸುತ್ತದೆ. ಆದರೆ ಅವು ಸೀಗಡಿಯ ಮುಂದೆಯೋ ಪಕ್ಕದಲ್ಲೋ ಬೀಳುತ್ತವೆ. ಎರಡು ಸಲ ಗುರಿ ತಪ್ಪಿದರೆ ಮತ್ತೆ ಪ್ರಯತ್ನಿಸದೆ ಮೂಲೆಗೆ ಹೋಗಿ ಕುಳಿತುಬಿಡುತ್ತದೆ. ಬೆನ್ನಿನ ಹಿಂತುದಿಯಲ್ಲಿ ಬಿಳಿಯ ಮಚ್ಚೆ ಕಾಣಿಸಿಕೊಂಡಿದೆ, ಒಂದು ಕಣ್ಣು ಸ್ವಲ್ಪ ಮಬ್ಬಾಗಿದೆ, ಮೈಬಣ್ಣವೂ ಮೊದಲಿನ ಹಾಗೆ ಚುರುಕಾಗಿ ಬದಲಾಗುವುದಿಲ್ಲ.

ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇವೆ, ನೈಟ್ರೇಟ್ 10ರ ಆಸುಪಾಸಿನಲ್ಲಿದೆ, ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ ಸೆಲ್ಸಿಯಸ್. ಇದು ರೋಗವೋ ಮುಪ್ಪೋ ಎಂದು ತಿಳಿಯುವುದು ಹೇಗೆ? ಔಷಧ ಹಾಕಬೇಕೇ? ತಾನಾಗಿ ಹಿಡಿಯಲಾಗದ ಪ್ರಾಣಿಗೆ ಊಟ ಕೊಡುವ ಕ್ರಮವೇನು? ಕೊನೆಯದಾಗಿ, ಅದು ನರಳುತ್ತಿದೆ ಎಂದು ಯಾವಾಗ ತೀರ್ಮಾನಿಸಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಉಪ್ಪುನೀರು, ಪ್ಲಿಮತ್

ಸುಮನಾ ಅವರೇ, ನೀವು ಬರೆದಿರುವ ಲಕ್ಷಣಗಳೆಲ್ಲ ಮುಪ್ಪಿನ ಕಡೆಗೇ ಬೆರಳು ತೋರಿಸುತ್ತಿವೆ. ಬ್ಯಾಂಡೆನ್ಸಿಸ್ ಜಾತಿ ತೊಟ್ಟಿಯಲ್ಲಿ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು ಬದುಕುತ್ತದೆ. ನಾನು ಇಲ್ಲಿ ನೋಡಿಕೊಳ್ಳುವುದು ಇಂಗ್ಲಿಷ್ ಕಡಲ್ಗಾಲುವೆಯ ಸೆಪಿಯಾ ಅಫಿಸಿನಾಲಿಸ್ ಎಂಬ ದೊಡ್ಡ ಜಾತಿಯನ್ನು. ಅದರ ಆಯಸ್ಸೂ ಒಂದರಿಂದ ಎರಡು ವರ್ಷವಷ್ಟೇ. ಹಾಗಿದ್ದರೂ ಮುಪ್ಪು ಎಂದು ಕೈಬಿಡುವ ಮೊದಲು ನೀರನ್ನು ಅನುಮಾನಿಸುವುದು ಒಳ್ಳೆಯದು, ಏಕೆಂದರೆ ನೀರಿನ ದೋಷಕ್ಕೆ ಪರಿಹಾರವಿದೆ, ವಯಸ್ಸಿಗೆ ಇಲ್ಲ.

ನಿಮ್ಮ ಬಳಿ ಇದಕ್ಕೊಂದು ಒಳ್ಳೆಯ ಸಾಕ್ಷಿಯಿದೆ: ಚಿಕ್ಕ ವಯಸ್ಸಿನ ಆ ಗಂಡು. ನೀರು ಕೆಟ್ಟಿದ್ದರೆ ಅದೂ ಸೊರಗಬೇಕು. ಗಂಡು ಎಂದಿನಂತೆ ತಿಂದುಕೊಂಡು, ಬಣ್ಣ ಬದಲಿಸಿಕೊಂಡು ಇದ್ದರೆ ದೊಡ್ಡ ಹೆಣ್ಣಿನ ಸ್ಥಿತಿಗೆ ವಯಸ್ಸೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಆದರೂ ಅಮೋನಿಯಾವನ್ನು ಬೇರೆ ತಯಾರಿಕೆಯ ಕಿಟ್‌ನಿಂದ ಒಮ್ಮೆ ತಾಳೆ ನೋಡಿ, ರಿಫ್ರ್ಯಾಕ್ಟೋಮೀಟರನ್ನು ಸರಿಹೊಂದಿಸಿಕೊಂಡು ಸಾಂದ್ರತೆಯನ್ನು ಮತ್ತೆ ಅಳೆಯಿರಿ, ನೀರು ಹಾದುಬರುವ ದಾರಿಯಲ್ಲಿ ಎಲ್ಲಿಯಾದರೂ ಹಿತ್ತಾಳೆ ಅಥವಾ ತಾಮ್ರದ ಜೋಡಣೆ ಇದೆಯೇ ನೋಡಿ, ನೀರಿಗೆ ಸೇರಿದ ತಾಮ್ರ ಇವುಗಳಿಗೆ ವಿಷ. ಇವುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರವಿರುವ ಹೀಮೋಸಯನಿನ್. ನಮ್ಮ ಹೀಮೋಗ್ಲೋಬಿನ್‌ನಷ್ಟು ಸಮರ್ಥವಲ್ಲ. ಮೂರು ಹೃದಯಗಳಿದ್ದೂ ಆಮ್ಲಜನಕದ ಕೊರತೆಯನ್ನು ಇವು ತಾಳಲಾರವು. ಆದ್ದರಿಂದ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ರಾತ್ರಿಯೂ ಸರಿಯಾಗಿ ನೊರೆ ಎತ್ತುತ್ತಿರಲಿ. ಉಷ್ಣತೆಯನ್ನು 26ರಿಂದ 24ಕ್ಕೆ ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿಸಿದರೆ ಉಸಿರಾಟದ ಹೊರೆ ಸ್ವಲ್ಪ ತಗ್ಗುತ್ತದೆ.

ಬಿಳಿ ಮಚ್ಚೆಯ ವಿಷಯದಲ್ಲಿ ಎರಡು ಸಾಧ್ಯತೆಗಳಿವೆ. ಕಟಲ್‌ಫಿಶ್ ಬೆದರಿದಾಗ ಹಿಮ್ಮುಖವಾಗಿ ಚಿಮ್ಮಿ ಗಾಜಿಗೆ ಬಡಿಯುತ್ತದೆ. ಅದು ಪದೇ ಪದೇ ಆದರೆ ಹಿಂತುದಿಯ ಚರ್ಮ ಸವೆದು ಒಳಗಿನ ಕಡಲನೊರೆಯ (ಕಟಲ್‌ಬೋನ್ ಎಂಬ ಹಗುರವಾದ ಒಳಚಿಪ್ಪಿನ) ಚೂಪು ತುದಿಯೇ ಹೊರಗೆ ಕಾಣಬಹುದು. ಇಂತಹ ಗಾಯ ಒಂದೇ ಕಡೆ, ಅಂಚು ಸ್ಪಷ್ಟವಾಗಿ ಇರುತ್ತದೆ, ಎಳೆಯ ಪ್ರಾಣಿಯಲ್ಲಾದರೆ ಮಾಯುತ್ತದೆ. ಮುಪ್ಪಿನ ಮಚ್ಚೆ ಹಾಗಲ್ಲ. ಹತ್ತಿರದಿಂದ ನೋಡಿದರೆ ಅಲ್ಲಿ ವರ್ಣಕೋಶಗಳ ಚುಕ್ಕಿಗಳೇ ಇಲ್ಲದೆ ಚರ್ಮ ಮಾಸಿದ ಬಿಳಿಯಾಗಿ ಕಾಣುತ್ತದೆ, ಅಂಚು ಹರಡಿಕೊಂಡಿರುತ್ತದೆ, ಸುತ್ತಲಿನ ಬಣ್ಣ ಬದಲಾದರೂ ಆ ಜಾಗ ಬದಲಾಗುವುದಿಲ್ಲ, ಕೆಲವೇ ದಿನಗಳಲ್ಲಿ ಬೆನ್ನಿನ ಮೇಲೆ ಇನ್ನೊಂದು ಕಡೆಯೂ ಕಾಣಿಸಿಕೊಳ್ಳುತ್ತದೆ.

ಈಗ ಊಟದ ವಿಚಾರ. ನಿಮ್ಮ ಪ್ರಶ್ನೆಗಳಲ್ಲಿ ನಿಜವಾಗಿ ಏನಾದರೂ ಮಾಡಬಹುದಾದದ್ದು ಇದೊಂದೇ. ಕಟಲ್‌ಫಿಶ್ ಬೇಟೆಯನ್ನು ಗಮನಿಸುವುದು, ತಕ್ಕ ದೂರಕ್ಕೆ ಬಂದು ನಿಲ್ಲುವುದು, ಎರಗುವುದು ಎಂಬ ಮೂರು ಹಂತಗಳನ್ನು ಜಾನ್ ಮೆಸೆಂಜರ್ ಎಂಬ ವಿಜ್ಞಾನಿ 1968ರಲ್ಲಿ ವಿವರಿಸಿದರು. ಎರಗುವುದಕ್ಕೆ ಎರಡು ವಿಧಾನಗಳಿವೆ. ಸೀಗಡಿಯಂತಹ ಚುರುಕು ಪ್ರಾಣಿಯನ್ನು ದೂರದಿಂದಲೇ ಬೇಟೆತೋಳು ಚಿಮ್ಮಿಸಿ ಹಿಡಿಯುತ್ತದೆ. ಏಡಿಯಾದರೆ ಮೈಸಮೇತ ಮುಂದಕ್ಕೆ ನೆಗೆದು ಎಂಟು ತೋಳುಗಳಿಂದ ತಬ್ಬಿಕೊಳ್ಳುತ್ತದೆ. ಮುಪ್ಪಿನಲ್ಲಿ ಮೊದಲು ಕೈಕೊಡುವುದು ದೂರದ ಗುರಿ. ಎರಡೂ ಕಣ್ಣುಗಳ ನೋಟವನ್ನು ಸೇರಿಸಿ ಇವು ದೂರವನ್ನು ಅಂದಾಜು ಮಾಡುತ್ತವೆ ಎಂಬುದನ್ನು ಮಿನೆಸೋಟ ವಿಶ್ವವಿದ್ಯಾಲಯದವರು 2020ರಲ್ಲಿ ಕಟಲ್‌ಫಿಶ್‌ಗಳಿಗೆ ಬಣ್ಣದ ಕನ್ನಡಕವನ್ನೇ ಅಂಟಿಸಿ ತೋರಿಸಿದ್ದಾರೆ. ಹಾಗಾಗಿ ನಿಮ್ಮ ಹೆಣ್ಣಿನ ಒಂದು ಕಣ್ಣು ಮಬ್ಬಾಗಿರುವುದಕ್ಕೂ ಬೇಟೆತೋಳು ಅತ್ತಿತ್ತ ಬೀಳುವುದಕ್ಕೂ ಸಂಬಂಧವಿರಬಹುದು. ಆದರೆ ತೋಳುಗಳಿಂದ ತಬ್ಬಿ ಹಿಡಿಯುವ ಶಕ್ತಿ ಬಹಳ ದಿನ ಉಳಿದಿರುತ್ತದೆ. ನೀವು ಆಸರೆ ಮಾಡಿಕೊಳ್ಳಬೇಕಾದದ್ದು ಅದನ್ನೇ.

ಜೀವಂತ ಸೀಗಡಿಯ ಹಿಂದೆ ಅಟ್ಟಿಸುವುದನ್ನು ನಿಲ್ಲಿಸಿ. ಶೈತ್ಯೀಕರಿಸಿದ ಸೀಗಡಿಯನ್ನು ತೊಟ್ಟಿಯ ನೀರಿನಲ್ಲೇ ಕರಗಿಸಿ, ತಲೆಯ ಮುಂದಿನ ಮುಳ್ಳನ್ನೂ ಗಟ್ಟಿ ಸಿಪ್ಪೆಯನ್ನೂ ತೆಗೆದು, ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಲ್ಲದ ತುಂಡು ಮಾಡಿಕೊಳ್ಳಿ. ಅದನ್ನು ಮೊಂಡು ತುದಿಯ ಪ್ಲಾಸ್ಟಿಕ್ ಕಡ್ಡಿಗೆ ಸಡಿಲವಾಗಿ ಸಿಕ್ಕಿಸಿ, ಮೇಲಿನಿಂದ ಇಳಿಬಿಡದೆ, ಚೆನ್ನಾಗಿರುವ ಕಣ್ಣಿನ ಕಡೆಯಿಂದ, ಕಣ್ಣಿನ ಮಟ್ಟದಲ್ಲೇ ನಿಧಾನವಾಗಿ ತನ್ನಿ. ಒಂದು ಗೇಣು ದೂರದಲ್ಲಿ ನಿಲ್ಲಿಸಿ, ಸ್ವಲ್ಪ ಅಲುಗಿಸಿ, ಅದು ತಿರುಗಿ ನೋಡಿದ ಮೇಲೆ ತೋಳುಗಳ ತುದಿಯವರೆಗೂ ತೆಗೆದುಕೊಂಡು ಹೋಗಿ. ತೋಳುಗಳು ಬಿಚ್ಚಿ ತುಂಡನ್ನು ಮುಚ್ಚಿಕೊಂಡಾಗ ತಕ್ಷಣ ಎಳೆಯಬೇಡಿ. ಹಿಡಿತ ಬಿಗಿಯಾದ ಬಳಿಕ ಕಡ್ಡಿಯನ್ನು ಮೆಲ್ಲಗೆ ತಿರುಗಿಸಿ ಬಿಡಿಸಿಕೊಳ್ಳಿ. ಹಿಂದಕ್ಕೆ ಸರಿದರೆ ಅಥವಾ ಮೈ ಕಪ್ಪಾದರೆ ಆ ಹೊತ್ತಿಗೆ ಬಿಟ್ಟುಬಿಡಿ. ದಿನಕ್ಕೊಂದು ದೊಡ್ಡ ಊಟದ ಬದಲು ಚಿಕ್ಕ ಚಿಕ್ಕ ತುಂಡುಗಳನ್ನು ಮೂರು ಹೊತ್ತು ಕೊಡುವುದು ಮೇಲು. ಉಳಿದದ್ದನ್ನು ಕೂಡಲೇ ತೆಗೆಯಿರಿ. ಜೀವಂತ ಏಡಿಯನ್ನಂತೂ ಈ ಸ್ಥಿತಿಯಲ್ಲಿ ತೊಟ್ಟಿಗೆ ಬಿಡಲೇಬಾರದು, ಕೈಲಾಗದ ಪ್ರಾಣಿಯ ಮೈಯನ್ನು ಅದೇ ಕಚ್ಚಿ ಗಾಯ ಮಾಡೀತು.

ಗಂಡು ಮತ್ತೆ ಮತ್ತೆ ಮೈಮೇಲೆ ಬೀಳುತ್ತಿದ್ದರೆ ತೊಟ್ಟಿಯ ನಡುವೆ ಜಾಲರಿ ಹಾಕಿ ಬೇರೆ ಮಾಡಿ. ಬೇರೆ ತೊಟ್ಟಿಗೆ ಒಯ್ಯುವ ಗೊಡವೆ ಬೇಡ. ಪಂಪಿನ ಹರಿವನ್ನು ತಗ್ಗಿಸಿ, ಮೊನಚು ಕಲ್ಲುಗಳನ್ನು ತೆಗೆಯಿರಿ, ದೀಪವನ್ನು ಮಂದ ಮಾಡಿ. ಮುಂದೆ ಅದು ತೇಲತೊಡಗಿ ಕೆಳಗೆ ಇಳಿಯಲು ಕಷ್ಟಪಟ್ಟರೂ ಗಾಬರಿಯಾಗಬೇಡಿ. ಕಡಲನೊರೆಯ ತೆಳುವಾದ ಕೋಣೆಗಳಿಂದ ದ್ರವವನ್ನು ಹೊರಹಾಕುತ್ತಾ ಒಳಗೆಳೆಯುತ್ತಾ ಇವು ತೇಲುವಿಕೆಯನ್ನು ಹಿಡಿತದಲ್ಲಿಡುತ್ತವೆ ಎಂಬುದನ್ನು 1960ರ ಸುಮಾರಿನಲ್ಲಿ ನಮ್ಮ ಪ್ಲಿಮತ್ ಪ್ರಯೋಗಾಲಯದಲ್ಲೇ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ ಕಂಡುಕೊಂಡರು. ಮುಪ್ಪಿನಲ್ಲಿ ಆ ಹಿಡಿತವೂ ಸಡಿಲವಾಗುವುದುಂಟು.

ಉತ್ತರ 2: ಮೀನುಗಾರಿಕೆ ಪದವೀಧರ, ಮಂಗಳೂರು

ಪ್ಲಿಮತ್‌ನವರು ಊಟದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಉಷ್ಣತೆಯ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ನೀರು ತಣ್ಣಗಾದರೆ ದೇಹದ ಖರ್ಚು ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಹಸಿವೂ ಕಡಿಮೆಯಾಗುತ್ತದೆ. ಇವುಗಳ ದೇಹದಲ್ಲಿ ಕೊಬ್ಬಿನ ದಾಸ್ತಾನು ಇಲ್ಲವೆಂದೇ ಹೇಳಬೇಕು. ಶಕ್ತಿಗೆ ಬಳಸಿಕೊಳ್ಳುವುದು ಮುಖ್ಯವಾಗಿ ಪ್ರೋಟೀನನ್ನು, ಊಟ ಸಿಗದಿದ್ದರೆ ತನ್ನ ಮಾಂಸವನ್ನೇ. ಈಗಾಗಲೇ ಊಟ ತಪ್ಪಿಸುತ್ತಿರುವ ಪ್ರಾಣಿಗೆ ಹಸಿವನ್ನು ಇನ್ನಷ್ಟು ಕುಗ್ಗಿಸುವ ಕೆಲಸ ಮಾಡಬಾರದು. ಮೊದಲು ಕಡ್ಡಿಯಿಂದ ತಿನ್ನುವುದು ರೂಢಿಯಾಗಲಿ, ಆಮೇಲೆ ಬೇಕಿದ್ದರೆ ಒಂದು ಡಿಗ್ರಿ ಇಳಿಸಿ. ಅಲ್ಲಿಯವರೆಗೆ 26 ಇದ್ದರೆ ಕೆಡುಕಿಲ್ಲ.

ಔಷಧದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ನೀವಾಗಿ ಏನನ್ನೂ ಹಾಕಬೇಡಿ. ಅಂಗಡಿಯಲ್ಲಿ ಮೀನುಗಳಿಗೆಂದು ಮಾರುವ ಎಷ್ಟೋ ಔಷಧಗಳಲ್ಲಿ ತಾಮ್ರವಿರುತ್ತದೆ, ಅದು ಇವುಗಳಿಗೆ ವಿಷ. ಗಾಯಕ್ಕೆ ವಿಬ್ರಿಯೋ ಬ್ಯಾಕ್ಟೀರಿಯಾ ತಗಲಿದೆ ಎಂಬ ಅನುಮಾನವಿದ್ದರೆ ಜಲಚರಗಳ ಪಶುವೈದ್ಯರು ಪ್ರತಿಜೀವಕ ಬರೆದುಕೊಡಬಹುದು. ಎಳೆಯ ಪ್ರಾಣಿಗೆ ಅದರಿಂದ ಪ್ರಯೋಜನವಿದೆ. ಮುಪ್ಪಿನಿಂದ ಕಳಚುತ್ತಿರುವ ಚರ್ಮಕ್ಕೆ ಅದು ನಾಟುವುದಿಲ್ಲ.

ಮುಪ್ಪು ಹೀಗೆ ಒಮ್ಮೆಲೇ ಎರಗುವುದಕ್ಕೆ ಕಾರಣ ಸಂತಾನೋತ್ಪತ್ತಿಯೇ. ಇವು ಜೀವಮಾನದಲ್ಲಿ ಒಂದೇ ಸಂತಾನ ಋತುವನ್ನು ಕಾಣುವ ಜೀವಿಗಳು. ಕಣ್ಣಿನ ಹಿಂದಿರುವ ಆಪ್ಟಿಕ್ ಗ್ರಂಥಿ ಪ್ರಾಯಕ್ಕೆ ತರುವ ಕೆಲಸ ಶುರು ಮಾಡಿದ ಮೇಲೆ ದೇಹದ ಸತ್ವವೆಲ್ಲ ಮೊಟ್ಟೆಯ ಕಡೆಗೆ ಹರಿಯುತ್ತದೆ. 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಎಂಬುವರು ಮೊಟ್ಟೆಗೆ ಕಾವಲು ಕುಳಿತಿದ್ದ ಹೆಣ್ಣು ಆಕ್ಟೋಪಸ್‌ಗಳಿಂದ ಈ ಗ್ರಂಥಿಯನ್ನು ತೆಗೆದಾಗ, ಅವು ಕಾವಲು ಬಿಟ್ಟು ಮತ್ತೆ ಊಟಕ್ಕೆ ತೊಡಗಿ ಹೆಚ್ಚು ಕಾಲ ಬದುಕಿದವು. ಅದು ಆಕ್ಟೋಪಸ್‌ನ ಮಾತು, ಅದೂ ಶಸ್ತ್ರಚಿಕಿತ್ಸೆ. ಮನೆಯ ತೊಟ್ಟಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ನಾನು ಪ್ರಸ್ತಾಪಿಸಿದ್ದು ಇಷ್ಟಕ್ಕೇ: ನಿಮ್ಮ ಪ್ರಾಣಿ ಸೊರಗುತ್ತಿರುವುದು ಆರೈಕೆಯ ಕೊರತೆಯಿಂದಲ್ಲ.

ನಮ್ಮ ಕರಾವಳಿಯಲ್ಲೂ ಇದೇ ಕಥೆ. ದೊಡ್ಡ ಕಪ್ಪೆ ಬೊಂಡಾಸ್, ಅಂದರೆ ಸೆಪಿಯಾ ಫರೋನಿಸ್, ಮೊಟ್ಟೆಯಿಡಲು ಆಸರೆ ಹುಡುಕಿಕೊಂಡು ಬರುತ್ತದೆಂದು ಅರಿತ ಮೀನುಗಾರರು ತೆಂಗಿನ ಹೊಂಬಾಳೆಗಳನ್ನು ಕಟ್ಟಿ ಕಡಲಿಗೆ ಇಳಿಬಿಟ್ಟು, ಅಲ್ಲಿ ಸೇರಿದವನ್ನು ಗಾಳದಿಂದ ಹಿಡಿಯುವ ಪದ್ಧತಿಯಿದೆ. ಮುಂದಿನ ಪೀಳಿಗೆಯ ಮೊಟ್ಟೆಗಳೇ ಹಾಳಾಗುತ್ತವೆ ಎಂದು ಅದರ ಬಗ್ಗೆ ಜಗಳಗಳೂ ಆಗಿವೆ. ಅದಿರಲಿ. ಫರೋನಿಸ್ ಜಾತಿಯನ್ನು ಕೇರಳದ ವಿಳಿಂಞದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಮೊಟ್ಟೆಯಿಂದ ಬೆಳೆಸಿದ್ದಾರೆ. ಅಂದರೆ ತೊಟ್ಟಿಯಲ್ಲಿ ಇವುಗಳನ್ನು ಸಾಕುವ ವಿದ್ಯೆ ನಮ್ಮ ಕಡೆಗೂ ಹೊಸದಲ್ಲ.

ಉತ್ತರ 3: ಡಾ. ಜಲಪ್ರಾಣಿ, ಸಿಯಾಟಲ್

ನಾನು ಪಶುವೈದ್ಯೆ. ಸುಮನಾ ಅವರ ಕೊನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುತ್ತೇನೆ.

ಮೊದಲನೆಯದಾಗಿ, ದೇಹ ಸೋತಿದೆ ಎಂದ ಮಾತ್ರಕ್ಕೆ ಅದರ ಅರಿವೂ ಸೋತಿದೆ ಎಂದು ಭಾವಿಸಬಾರದು. ಕೇಂಬ್ರಿಜ್‌ನ ಅಲೆಕ್ಸಾಂಡ್ರಾ ಶ್ನೆಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಅಫಿಸಿನಾಲಿಸ್ ಕಟಲ್‌ಫಿಶ್‌ಗಳನ್ನು ಪರೀಕ್ಷಿಸಲಾಯಿತು. ಅರ್ಧದಷ್ಟು ಹತ್ತು-ಹನ್ನೆರಡು ತಿಂಗಳ ಪ್ರಾಯದವು, ಉಳಿದರ್ಧ 22ರಿಂದ 24 ತಿಂಗಳ ಹಣ್ಣು ಮುದಿಯವು. ಯಾವ ಆಹಾರ, ಎಲ್ಲಿ, ಎಷ್ಟು ಹೊತ್ತಿನ ಹಿಂದೆ ಸಿಕ್ಕಿತ್ತು ಎಂಬುದನ್ನು ನೆನಪಿಡುವುದರಲ್ಲಿ ಮುದಿಯವು ಎಳೆಯವಕ್ಕಿಂತ ಹಿಂದೆ ಬೀಳಲಿಲ್ಲ. ಆದ್ದರಿಂದ ಊಟದ ಹೊತ್ತು, ಊಟ ಕೊಡುವ ಜಾಗ, ಕಡ್ಡಿಯ ಬಣ್ಣ ಇವನ್ನು ಬದಲಿಸದೆ ಇಟ್ಟುಕೊಳ್ಳಿ. ಕಣ್ಣು ಕೈಕೊಟ್ಟರೂ ಅದು ಆ ಹೊತ್ತಿಗೆ ಆ ಜಾಗಕ್ಕೆ ಬಂದು ಕಾಯುವ ಸಾಧ್ಯತೆ ಚೆನ್ನಾಗಿದೆ.

ನರಳಾಟವನ್ನು ಅಳೆಯಲು ಒಂದೇ ಲಕ್ಷಣ ಸಾಲದು. ನಾನು ಗಮನಿಸುವುದು ಇವನ್ನು: ತೋಳಿಗೆ ತಾಗಿಸಿದ ಆಹಾರವನ್ನೂ ಎರಡು-ಮೂರು ದಿನ ಸತತವಾಗಿ ನಿರಾಕರಿಸುವುದು, ಚರ್ಮ ಕಳಚಿ ಕೆಳಗಿನ ಮಾಂಸ ಕಾಣುವುದು, ನೀರಿನ ಮೇಲ್ಮೈಯಲ್ಲಿ ಓರೆಯಾಗಿ ತೇಲಿಕೊಂಡು ಕೆಳಗಿಳಿಯಲಾಗದಿರುವುದು, ಗುರಿಯಿಲ್ಲದೆ ಈಜಿ ಗಾಜಿಗೆ ಬಡಿಯುವುದು, ಕೈ ಹತ್ತಿರ ತಂದರೂ ಬಣ್ಣದಲ್ಲಾಗಲಿ ನಿಲುವಿನಲ್ಲಾಗಲಿ ಪ್ರತಿಕ್ರಿಯೆ ಇಲ್ಲದಿರುವುದು. ಇವುಗಳಲ್ಲಿ ಎರಡು-ಮೂರು ಒಟ್ಟಿಗೆ ಬಂದರೆ ಮುಂದಕ್ಕೆ ಎಳೆಯುವುದರಿಂದ ಪ್ರಾಣಿಗೆ ಏನೂ ಲಾಭವಿಲ್ಲ. ಸದ್ಯ ನಿಮ್ಮ ಹೆಣ್ಣು ಬೇಟೆಯ ಕಡೆ ತಿರುಗಿ ನೋಡುತ್ತಿದೆ, ತೋಳೆತ್ತುತ್ತಿದೆ. ಆ ಹಂತ ಇನ್ನೂ ಬಂದಿಲ್ಲ.

ಆ ಹಂತ ಬಂದಾಗ ಫ್ರೀಜರಿನಲ್ಲಿಡುವುದು, ಸಿಹಿನೀರಿಗೆ ಹಾಕುವುದು ಮುಂತಾದವನ್ನು ದಯವಿಟ್ಟು ಮಾಡಬೇಡಿ. ಲವಂಗದೆಣ್ಣೆಯನ್ನು ಮೀನುಗಳಿಗೆ ಬಳಸುವವರಿದ್ದಾರೆ, ಇವುಗಳ ಮೇಲೆ ಅದರ ಪರಿಣಾಮ ನಂಬಲರ್ಹವಲ್ಲ. ಅರಿವಳಿಕೆಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಮೆಗ್ನೀಸಿಯಂ ಕ್ಲೋರೈಡ್. ಅದರ ಶೇಕಡಾ 7.5ರ ದ್ರಾವಣವನ್ನು ಅಷ್ಟೇ ಪ್ರಮಾಣದ ಸಮುದ್ರದ ನೀರಿಗೆ ಬೆರೆಸಿ ಬಳಸುವ ವಿಧಾನವನ್ನು 1985ರಲ್ಲಿ ವರದಿ ಮಾಡಿದವರಲ್ಲಿ ಮೇಲೆ ಹೆಸರು ಬಂದಿರುವ ಮೆಸೆಂಜರ್ ಕೂಡ ಒಬ್ಬರು. ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್. ಅದನ್ನು ಇದರ ಬದಲಿಗೆ ಹಾಕುವಂತಿಲ್ಲ. ಮುಖ್ಯವಾದ ಮಾತೆಂದರೆ, ಅರಿವಳಿಕೆಯಿಂದ ಉಸಿರು ನಿಂತಂತೆ ಕಂಡ ಪ್ರಾಣಿ ಒಳ್ಳೆಯ ನೀರಿಗೆ ಬಂದರೆ ಚೇತರಿಸಿಕೊಳ್ಳಬಲ್ಲದು. ಆದ್ದರಿಂದ ಮಿದುಳನ್ನು ನಿಷ್ಕ್ರಿಯಗೊಳಿಸುವ ಎರಡನೆಯ ಹಂತ ಬೇಕೇ ಬೇಕು, ಅದನ್ನು ವೈದ್ಯರೇ ಮಾಡಬೇಕು. ಜಲಚರಗಳನ್ನು ನೋಡುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ, ಪ್ರಾಣಿ ಇನ್ನೂ ತಿನ್ನುತ್ತಿರುವ ಈ ದಿನಗಳಲ್ಲೇ ಫೋನ್ ಮಾಡಿ, ಕಟಲ್‌ಫಿಶ್ ನೋಡುತ್ತೀರಾ ಎಂದು ಕೇಳಿಟ್ಟುಕೊಳ್ಳಿ.

ಇವುಗಳಿಗೆ ನೋವಿನ ಅರಿವಿಲ್ಲ ಎನ್ನುವ ಕಾಲ ಹೋಯಿತು. ಯುರೋಪಿಯನ್ ಒಕ್ಕೂಟವು ಪ್ರಯೋಗಾಲಯದ ಪ್ರಾಣಿಗಳ ರಕ್ಷಣೆಗಾಗಿ 2010ರಲ್ಲಿ ತಂದ ನಿರ್ದೇಶನದಲ್ಲಿ ಆಕ್ಟೋಪಸ್, ಕಟಲ್‌ಫಿಶ್ ಮೊದಲಾದ ಈ ಗುಂಪಿನ ಜೀವಿಗಳೆಲ್ಲ ಸೇರಿವೆ. ಬ್ರಿಟನ್ನಿನ 2022ರ ಪ್ರಾಣಿ ಸಂವೇದನೆಯ ಕಾಯಿದೆಯೂ ಇವನ್ನು ಹೆಸರಿಸಿದೆ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯಿದೆ ಇನ್ನೂ ಇವನ್ನು ಒಳಗೊಂಡಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಸುಮನಾ, ಹ್ಯೂಸ್ಟನ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಂಡು ಎಂದಿನಂತೆ ತಿನ್ನುತ್ತಿದೆ. ಬೇರೆ ಕಿಟ್‌ನಲ್ಲೂ ಅಮೋನಿಯಾ ಸೊನ್ನೆಯೇ ಬಂದಿತು. ಜಾಲರಿ ಹಾಕಿದ್ದೇವೆ. ಕಡ್ಡಿಯಲ್ಲಿ ಕೊಟ್ಟ ಸೀಗಡಿಯ ತುಂಡನ್ನು ಎಡಗಣ್ಣಿನ ಕಡೆಯಿಂದ ತಂದರೆ ತಬ್ಬಿ ಹಿಡಿಯುತ್ತದೆ, ಬಲಗಡೆಯಿಂದ ತಂದರೆ ಗಮನಿಸುವುದೇ ಇಲ್ಲ. ಇಲ್ಲಿಯ ಒಬ್ಬ ವೈದ್ಯರು ನೋಡಲು ಒಪ್ಪಿದ್ದಾರೆ. ಇನ್ನೊಂದು ಸಂಶಯ: ಮೊಟ್ಟೆಗಳನ್ನು ಅಲ್ಲೇ ಬಿಡಬಹುದೇ? ತಾಯಿಯೇ ತೊಟ್ಟಿಯಲ್ಲಿ ಸತ್ತುಹೋದರೆ ಅವಕ್ಕೆ ತೊಂದರೆಯೇ?

ಉಪ್ಪುನೀರು, ಪ್ಲಿಮತ್

ತಾಯಿ ಸತ್ತದ್ದು ಗಮನಕ್ಕೆ ಬಾರದೆ ಒಂದು ರಾತ್ರಿ ಕಳೆದರೂ ಅಮೋನಿಯಾ ಏರುತ್ತದೆ, ಮಸಿ ಹೊರಬಿದ್ದರೆ ಮತ್ತಷ್ಟು ಕಷ್ಟ. ಆದ್ದರಿಂದ ಮೊಟ್ಟೆಗಳನ್ನು ಈಗಲೇ ಬೇರೆ ಮಾಡಿ. ಆಕ್ಟೋಪಸ್‌ನಂತೆ ಇವು ಮೊಟ್ಟೆಗೆ ಕಾವಲು ಕೂರುವುದಿಲ್ಲ, ತಾಯಿಯಿಂದ ದೂರ ಮಾಡಿದರೆ ನಷ್ಟವಿಲ್ಲ. ಗೊಂಚಲನ್ನು ನೀರಿನಿಂದ ಮೇಲಕ್ಕೆತ್ತದೆ, ನೀರಿನೊಳಗೇ ಒಂದು ಡಬ್ಬಿಗೆ ಇಳಿಸಿಕೊಂಡು, ಹರಿವು ಚೆನ್ನಾಗಿ ತಾಗುವ ಕಡೆ ಬಲೆಯ ಪೆಟ್ಟಿಗೆಯಲ್ಲಿ ತೂಗುಬಿಡಿ. ನಿಮ್ಮ ಉಷ್ಣತೆಯಲ್ಲಿ ಮೂರರಿಂದ ನಾಲ್ಕು ವಾರಗಳಲ್ಲಿ ಒಡೆಯುತ್ತವೆ. ಒಡೆಯುವ ಕಾಲ ಬಂದಾಗ ಮೊಟ್ಟೆ ಉಬ್ಬಿ ಸಿಪ್ಪೆ ತೆಳುವಾಗಿ, ಟಾರ್ಚಿನ ಮಂದ ಬೆಳಕಿನಲ್ಲಿ ಒಳಗಿನ ಮರಿ ಅಲುಗುವುದು ಕಾಣುತ್ತದೆ.

ಮರಿಗಳು ಮೊದಲ ಕೆಲವು ದಿನ ಹಳದಿಯ ಸಂಗ್ರಹದಿಂದಲೇ ಬದುಕುತ್ತವೆ, ಆಮೇಲೆ ಅವಕ್ಕೆ ಬೇಕಾದದ್ದು ಜೀವಂತ ಮೈಸಿಡ್ ಸೀಗಡಿ. ಶೈತ್ಯೀಕರಿಸಿದ್ದನ್ನು ಅವು ಆಗಲೇ ಮುಟ್ಟುವುದಿಲ್ಲ, ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಜೀವಿ ಒಂದರಿಂದಲೇ ಬೆಳೆಯುವುದೂ ಇಲ್ಲ. ಮೈಸಿಡ್ ಎಲ್ಲಿ ಸಿಗುತ್ತದೆ ಎಂಬುದನ್ನು ಇವತ್ತೇ ವಿಚಾರಿಸಿ, ಮೊದಲ ಕಂತು ಮೂರನೆಯ ವಾರದ ಹೊತ್ತಿಗೆ ಕೈಸೇರುವಂತೆ ಹೇಳಿಡಿ. ಮರಿ ಹೊರಬಂದ ಮೇಲೆ ಆರ್ಡರ್ ಮಾಡಿದರೆ ತಡವಾಗುತ್ತದೆ. ಎರಡನೆಯ ಹೆಣ್ಣಿಗೂ ಅದೇ ವಯಸ್ಸಾದ್ದರಿಂದ, ಅದು ಇನ್ನೂ ಚೆನ್ನಾಗಿ ಬೇಟೆಯಾಡುತ್ತಿರುವಾಗಲೇ ಕಡ್ಡಿಯ ಊಟ ಕಲಿಸಲು ತೊಡಗಿ.